ವರ್ಮೀರನ ‘ಮುತ್ತಿನೋಲೆಯ ಹುಡುಗಿ’: ಮೂಲದ ಅಳತೆಯಲ್ಲೇ ಒಂದು ತೈಲವರ್ಣ ಪ್ರತಿ

ಚಿತ್ರ: ಯೊಹಾನೆಸ್ ವರ್ಮೀರ್, ಸುಮಾರು 1665. ಈಗಿರುವುದು ನೆದರ್ಲೆಂಡ್ಸಿನ ಹೇಗ್ ನಗರದ ಮೌರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿ. ಕ್ಯಾನ್ವಾಸ್ ಮೇಲೆ ತೈಲವರ್ಣ, ಎತ್ತರ 44.5 ಸೆಂ.ಮೀ., ಅಗಲ 39 ಸೆಂ.ಮೀ.

ಪೋರ್ಟ್ರೇಟ್ ಕಲಿಯಲು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದೇ ಮುಖ, ಎಡಗಡೆಯಿಂದ ಬರುವ ಒಂದೇ ಬೆಳಕು. ಕೈಗಳಿಲ್ಲ, ಹಿನ್ನೆಲೆಯಲ್ಲಿ ಮೇಜು ಕುರ್ಚಿಗಳಿಲ್ಲ. ಹಾಗೆಂದು ಸುಲಭದ ಚಿತ್ರವೇನಲ್ಲ. ಇಲ್ಲಿ ಕೈಕೊಡುವುದು ಬಣ್ಣಕ್ಕಿಂತ ಹೆಚ್ಚಾಗಿ ಅಂಚುಗಳು. ವರ್ಮೀರ್ ಎಲ್ಲಿ ಗೆರೆ ಎಳೆದಿಲ್ಲವೋ ಅಲ್ಲೇ ಕಲಿಯುವವರ ಕೈ ಗೆರೆ ಎಳೆಯಲು ಓಡುತ್ತದೆ. ಕೆಳಗಿನ ಹಂತಗಳಲ್ಲಿ ಒರೆಸಿ ಮತ್ತೆ ಮಾಡಬೇಕಾಗಿ ಬಂದ ಜಾಗಗಳಲ್ಲಿ ಬಹುಪಾಲು ಇಂಥವೇ.

ಸಾಮಾನು, ಖರ್ಚು

16×20 ಇಂಚಿನ ಕ್ಯಾನ್ವಾಸ್, ಮರದ ಚೌಕಟ್ಟಿಗೆ ಬಿಗಿದದ್ದು: 450 ರೂ.
ಬಣ್ಣ, ಸ್ಟೂಡೆಂಟ್ ದರ್ಜೆಯ ಟ್ಯೂಬುಗಳು: 1,450 ರೂ.
ಬ್ರಷ್‌ಗಳು: 780 ರೂ.
ಲಿನ್ಸೀಡ್ ಎಣ್ಣೆ, ಟರ್ಪೆಂಟೈನ್: 360 ರೂ.
ಜೆಸ್ಸೊ (ಬಣ್ಣಕ್ಕೂ ಮೊದಲು ಕ್ಯಾನ್ವಾಸಿಗೆ ಹಚ್ಚುವ ಬಿಳಿ ಲೇಪ): 320 ರೂ.
ಎರಡು ಪ್ರಿಂಟ್: 280 ರೂ.
ಟ್ರೇಸಿಂಗ್ ಶೀಟ್, ಮರಳು ಕಾಗದ, ಟೇಪ್: 160 ರೂ.
ಒಟ್ಟು 3,800 ರೂ.

ಟ್ಯೂಬುಗಳು ಇವು: ಟೈಟಾನಿಯಂ ವೈಟ್ (ಇದೊಂದು ಮಾತ್ರ ದೊಡ್ಡದು), ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ವರ್ಮಿಲಿಯನ್, ಅಲಿಜರಿನ್ ಕ್ರಿಮ್ಸನ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ಅಲ್ಟ್ರಾಮರೀನ್ ಬ್ಲೂ, ಸ್ಯಾಪ್ ಗ್ರೀನ್, ಐವರಿ ಬ್ಲ್ಯಾಕ್. ಅಂಗಡಿಯಲ್ಲಿ ‘ಫ್ಲೆಶ್ ಟಿಂಟ್’ ಎಂಬ ರೆಡಿಮೇಡ್ ಟ್ಯೂಬ್ ತೋರಿಸುತ್ತಾರೆ, ಅದು ಬೇಡ. ವರ್ಮೀರ್ ಬಳಸಿದ್ದು ಸೀಸದ ಬಿಳಿ. ಅದು ವಿಷ, ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ, ಟೈಟಾನಿಯಂ ಸಾಕು. ಆದರೆ ಎರಡರ ಸ್ವಭಾವ ಬೇರೆ. ಸೀಸದ ಬಿಳಿ ಬೆಚ್ಚಗಿನ ಛಾಯೆಯದು, ಒಂದಿಷ್ಟು ಪಾರದರ್ಶಕ, ಬೇಗ ಒಣಗುತ್ತದೆ. ಟೈಟಾನಿಯಂ ತಣ್ಣನೆಯ ಬಿಳಿ, ಯಾವ ಬಣ್ಣಕ್ಕೆ ಸೇರಿಸಿದರೂ ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ಎಲ್ಲ ಮಿಶ್ರಣಗಳಲ್ಲೂ ಬಿಳಿಯನ್ನು ಅಂದಾಜಿಗಿಂತ ಕಡಿಮೆ ಹಾಕಿ ಶುರು ಮಾಡುವುದು ಒಳಿತು.

ಬ್ರಷ್: ಹಂದಿಕೂದಲಿನ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಷ್) 4 ಮತ್ತು 6, ಮೆತ್ತನೆಯ ಸಿಂಥೆಟಿಕ್ ಫ್ಲ್ಯಾಟ್ ಅರ್ಧ ಇಂಚು, ರೌಂಡ್ 0 ಮತ್ತು 2. ಫ್ಯಾನ್ ಬ್ರಷ್ ಕೊಳ್ಳಲೇಬೇಡಿ. ಅದು ಕೈಯಲ್ಲಿದ್ದರೆ ಇಡೀ ಮುಖವನ್ನು ಸವರಿ ಸವರಿ ಮೇಣದ ಗೊಂಬೆ ಮಾಡಿಬಿಡುತ್ತೇವೆ.

ಟರ್ಪೆಂಟೈನ್ ಬಗ್ಗೆ ಒಂದು ಎಚ್ಚರಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಟರ್ಪೆಂಟೈನ್’ ಎಂದು ಕೊಡುವುದು ಸಾಮಾನ್ಯವಾಗಿ ಮಿನರಲ್ ಟರ್ಪೆಂಟೈನ್, ಅಂದರೆ ಪೆಟ್ರೋಲಿಯಂ ಮೂಲದ್ದು. ಬ್ರಷ್ ತೊಳೆಯಲು ಅದು ಧಾರಾಳ ಸಾಕು. ಆದರೆ ಮುಗಿದ ಚಿತ್ರಕ್ಕೆ ಕೊನೆಗೆ ಹಚ್ಚುವ ಡಾಮರ್ ವಾರ್ನಿಷ್ (ಇದು ರಸ್ತೆಯ ಡಾಮರಲ್ಲ, ಮರದ ರಾಳ) ಅದರಲ್ಲಿ ಸರಿಯಾಗಿ ಕರಗುವುದಿಲ್ಲ, ಮಬ್ಬಾಗುತ್ತದೆ. ಬಣ್ಣಕ್ಕೆ ಬೆರೆಸಲು ಕಲಾ ಸಾಮಗ್ರಿ ಅಂಗಡಿಯ ಡಿಸ್ಟಿಲ್ಡ್ ಟರ್ಪೆಂಟೈನಿನ ಸಣ್ಣ ಬಾಟಲಿ ಬೇರೆಯಾಗಿಯೇ ಇರಲಿ.

1. ಪ್ರಿಂಟ್

ಮೌರಿತ್ಸ್‌ಹೌಸ್ ತನ್ನ ಜಾಲತಾಣದಲ್ಲಿ ಚಿತ್ರದ ದೊಡ್ಡ ಫೈಲನ್ನು ಉಚಿತವಾಗಿ ಕೊಡುತ್ತದೆ. ಅದನ್ನೇ ಬಳಸಿ. ಹಳೆಯ ಪುಸ್ತಕ, ಕ್ಯಾಲೆಂಡರುಗಳಿಂದ ಸ್ಕ್ಯಾನ್ ಮಾಡಿದ್ದು ಬೇಡ. 1994ರಲ್ಲಿ ಚಿತ್ರದ ಹಳದಿ ಬಿದ್ದ ವಾರ್ನಿಷ್ ತೆಗೆದು ಶುಚಿ ಮಾಡಿದರು. ಆಗ ಮುತ್ತಿನ ಮೇಲಿನ ಹೊಳಪುಗಳಲ್ಲಿ ಒಂದು ಹೊಳಪೇ ಅಲ್ಲ, ಕಿತ್ತುಬಂದು ಅಲ್ಲಿ ಅಂಟಿಕೊಂಡಿದ್ದ ಬಣ್ಣದ ಚಕ್ಕೆ ಎಂದು ಗೊತ್ತಾಯಿತು. ಅದಕ್ಕೂ ಹಿಂದಿನ ಫೋಟೋ ನೋಡಿ ಬರೆದರೆ ಹಳದಿ ವಾರ್ನಿಷನ್ನೂ ಆ ಚಕ್ಕೆಯನ್ನೂ ಸೇರಿಸಿಯೇ ನಕಲು ಮಾಡಿದಂತಾಗುತ್ತದೆ.

39×44.5 ಸೆಂ.ಮೀ. ಎ3 ಹಾಳೆಯಲ್ಲಿ ಹಿಡಿಸುವುದಿಲ್ಲ, ಎ2 ಬೇಕು. ಪ್ರಿಂಟ್ ಅಂಗಡಿಯವರಿಗೆ ‘ಫಿಟ್ ಟು ಪೇಜ್’ ಆಫ್ ಮಾಡಿ ಎಂದು ಮೊದಲೇ ಹೇಳಿ, ಹಾಳೆ ಕೈಗೆ ಬಂದ ತಕ್ಷಣ ಅಲ್ಲೇ ಸ್ಕೇಲ್ ಇಟ್ಟು ಅಳೆಯಿರಿ. ಎರಡು ಪ್ರತಿ ತೆಗೆಸಬೇಕು: ಒಂದು ಬಣ್ಣದ್ದು, ಇನ್ನೊಂದು ಕಪ್ಪು ಬಿಳುಪು. ಹೆಚ್ಚು ಕೆಲಸಕ್ಕೆ ಬರುವುದು ಎರಡನೆಯದೇ.

2. ಕ್ಯಾನ್ವಾಸ್ ತಯಾರಿ

ಅಂಗಡಿಯ ಕ್ಯಾನ್ವಾಸಿಗೆ ಜೆಸ್ಸೊ ಹಚ್ಚಿಯೇ ಇರುತ್ತಾರೆ, ಆದರೆ ನೇಯ್ಗೆಯ ಉಬ್ಬು ಕಾಣುತ್ತಿರುತ್ತದೆ. ಈ ಅಳತೆಯ ಮುಖದಲ್ಲಿ ರೆಪ್ಪೆಯ ಅಂಚು ಎಳೆಯುವಾಗ ಆ ಉಬ್ಬಿನ ಮೇಲೆ ಬ್ರಷ್ ಎಗರುತ್ತದೆ. ಇನ್ನೂ ಎರಡು ಕೋಟ್ ಜೆಸ್ಸೊ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಪ್ರತಿ ಕೋಟ್ ಒಣಗಿದ ಮೇಲೆ 220 ನಂಬರ್, ಕೊನೆಗೆ 320 ನಂಬರ್ ಮರಳು ಕಾಗದ. ತೀರಾ ಗಾಜಿನಷ್ಟು ನಯವಾಗುವ ತನಕ ಉಜ್ಜಿದರೆ ಬಣ್ಣ ಹಿಡಿಯುವುದಿಲ್ಲ, ಜಾರುತ್ತದೆ. ಬೆರಳಾಡಿಸಿದಾಗ ಸ್ವಲ್ಪ ಹಲ್ಲು, ಅಂದರೆ ತರಿತರಿ, ಸಿಗಬೇಕು.

ಕ್ಯಾನ್ವಾಸ್ 40.6×50.8 ಸೆಂ.ಮೀ. ಇರುತ್ತದೆ. ನಡುವೆ 39×44.5ರ ಚೌಕ ಗುರುತಿಸಿದರೆ ಎಡ ಬಲ 0.8, ಮೇಲೆ ಕೆಳಗೆ 3.15 ಸೆಂ.ಮೀ. ಉಳಿಯುತ್ತದೆ. ಆ ಅಂಚಿಗೆ ಮಾಸ್ಕಿಂಗ್ ಟೇಪ್. ಬಿಳಿ ನೆಲದ ಮೇಲೆ ನೇರವಾಗಿ ಶುರು ಮಾಡಿದರೆ ಎಲ್ಲ ಟೋನೂ (ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎನ್ನುವ ಮಟ್ಟ) ಕಪ್ಪಾಗಿ ಕಂಡು ಕಣ್ಣಿಗೆ ಮೋಸವಾಗುತ್ತದೆ. ರಾ ಅಂಬರ್ ಮತ್ತು ಬಿಳಿ ಬೆರೆಸಿದ ಬೂದುಗಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿ ಬಳಿದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು.

3. ರೇಖೆ ಇಳಿಸುವುದು

ಮೂಲದ ಅಳತೆಯಲ್ಲೇ ಪ್ರಿಂಟ್ ಇರುವುದರಿಂದ ಗ್ರಿಡ್ ಬೇಕಿಲ್ಲ. ಟ್ರೇಸಿಂಗ್ ಶೀಟಿನಲ್ಲಿ ರೇಖೆ ತೆಗೆದು, ಹಿಂಬದಿಗೆ ಇದ್ದಿಲು ಉಜ್ಜಿ, ಕ್ಯಾನ್ವಾಸಿಗೆ ಟೇಪಿನಿಂದ ಕಚ್ಚಿಸಿ, ಕೆಂಪು ಬಾಲ್‌ಪೆನ್ನಿನಿಂದ ಮೇಲೆ ತಿದ್ದಬೇಕು. ಕೆಂಪಾದರೆ ಎಲ್ಲಿ ತಿದ್ದಿಯಾಯಿತು, ಎಲ್ಲಿ ಉಳಿಯಿತು ಎಂದು ಗೊತ್ತಾಗುತ್ತದೆ.

ಏನನ್ನು ಟ್ರೇಸ್ ಮಾಡಬೇಕು ಎನ್ನುವುದಕ್ಕಿಂತ ಏನನ್ನು ಬಿಡಬೇಕು ಎನ್ನುವುದು ಮುಖ್ಯ. ಕೆನ್ನೆಯ ಹೊರಗೆರೆ, ರೆಪ್ಪೆಗಳು, ಮೂಗಿನ ಹೊಳ್ಳೆ ಮತ್ತು ತುದಿಯ ಕೆಳಭಾಗ, ತುಟಿಗಳು ಕೂಡುವ ಗೆರೆ, ಗಲ್ಲ, ತಲೆವಸ್ತ್ರದ ಮಡಿಕೆಗಳು, ಕಾಲರ್: ಇಷ್ಟು ಸಾಕು. ಮೂಗಿನ ದಿಂಡಿಗೆ ಗೆರೆ ಬೇಡ. ಮುತ್ತಿಗೆ ವೃತ್ತ ಬೇಡ, ಅದರ ಮೇಲ್ತುದಿ ಮತ್ತು ಕೆಳತುದಿಗೆ ಒಂದೊಂದು ಚುಕ್ಕೆ ಇಟ್ಟರೆ ಆಯಿತು. ಇದ್ದಿಲಿನ ಗೆರೆಯ ಮೇಲೆ ತೆಳು ರಾ ಅಂಬರಿನಿಂದ ರೌಂಡ್ 0 ಬ್ರಷ್‌ನಲ್ಲಿ ತಿದ್ದಿ, ಒಣಗಿದ ಮೇಲೆ ಇದ್ದಿಲ ಪುಡಿ ಊದಿ ತೆಗೆಯಬೇಕು. ಪುಡಿ ಉಳಿದರೆ ಚರ್ಮದ ಬಣ್ಣವೆಲ್ಲ ಕೊಳೆಯಾಗುತ್ತದೆ.

ಪರೀಕ್ಷೆಗೆ ಪ್ರಿಂಟನ್ನೂ ಕ್ಯಾನ್ವಾಸನ್ನೂ ಪಕ್ಕಪಕ್ಕ ತಲೆಕೆಳಗಾಗಿ ನಿಲ್ಲಿಸಿ. ಕಣ್ಣುಗಳ ಒಳತುದಿಗಳಿಗೆ ಅಡ್ಡಲಾಗಿ ದಾರ ಹಿಡಿದು, ಎರಡರಲ್ಲೂ ಓಲು ಒಂದೇ ಇದೆಯೇ ನೋಡಿ. ಟ್ರೇಸ್ ಮಾಡಿದ್ದೇ ಆದರೂ ಅಂಬರಿನಿಂದ ತಿದ್ದುವಾಗ ಎರಡೂ ಕಣ್ಣುಗಳನ್ನು ಒಂದೇ ಮಟ್ಟಕ್ಕೆ ತರುವ ಚಾಳಿ ಕೈಗಿದೆ.

4. ಕಂದು ಅಂಡರ್‌ಪೇಂಟಿಂಗ್

2018ರಲ್ಲಿ ಮೌರಿತ್ಸ್‌ಹೌಸ್ ಈ ಚಿತ್ರವನ್ನು ಗೋಡೆಯಿಂದ ಇಳಿಸಿ, ಸಂದರ್ಶಕರ ಎದುರಿನಲ್ಲೇ ಎರಡು ವಾರ ಯಂತ್ರಗಳಿಂದ ಪರೀಕ್ಷಿಸಿತು. ಕಂದು ಮತ್ತು ಕಪ್ಪು ಛಾಯೆಗಳಲ್ಲಿ ನೆರಳು ಬೆಳಕನ್ನು ಮೊದಲೇ ಕಟ್ಟಿಕೊಂಡು, ಆಮೇಲೆ ವರ್ಮೀರ್ ಬಣ್ಣಕ್ಕೆ ಕೈಹಾಕಿದ್ದ ಎಂದು ಅದರಲ್ಲಿ ಕಂಡುಬಂತು. ಈ ಪ್ರತಿಯಲ್ಲೂ ಅದೇ ಕ್ರಮ.

ರಾ ಅಂಬರ್ ಒಂದೇ ಸಾಕು. ಕಪ್ಪು ಬೇಡ, ಐವರಿ ಬ್ಲ್ಯಾಕ್ ತಡವಾಗಿ ಒಣಗುತ್ತದೆ. ಒಣಗದ ಪದರದ ಮೇಲೆ ಬೇಗ ಒಣಗುವುದನ್ನು ಹಚ್ಚಿದರೆ ಮೇಲಿನದು ಬಿರುಕು ಬಿಡುತ್ತದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಒಂದೆರಡು ದಿನದಲ್ಲೇ ಗಟ್ಟಿಯಾಗುತ್ತದೆ. ಕಪ್ಪು ಬಿಳುಪು ಪ್ರಿಂಟನ್ನು ಕಣ್ಣು ಕಿರಿದು ಮಾಡಿ ನೋಡಿ ಟೋನುಗಳನ್ನು ಐದೇ ಭಾಗಕ್ಕೆ ಇಳಿಸಿಕೊಳ್ಳಿ. ಕಡುನೆರಳಿಗೆ ಅಂಬರ್ ದಟ್ಟವಾಗಿ, ನಡು ಟೋನಿಗೆ ತೆಳುವಾಗಿ. ಬೆಳಕಿನ ಜಾಗದಲ್ಲಿ ಬಟ್ಟೆಯಿಂದ ಒರೆಸಿ ನೆಲದ ಬಣ್ಣವನ್ನೇ ತೆರೆದರೆ ಆಯಿತು, ಬಿಳಿ ಹಚ್ಚುವುದು ಬೇಡ.

ಈ ಹಂತದಲ್ಲಿ ಕೆಡುವುದು ಟರ್ಪೆಂಟೈನಿನಿಂದ. ನೀರಿನಂತೆ ತೆಳು ಮಾಡಿದರೆ ಬಣ್ಣವನ್ನು ಹಿಡಿದಿಡುವ ಎಣ್ಣೆ ಉಳಿಯುವುದಿಲ್ಲ, ಒಣಗಿದ ಮೇಲೆ ಬೆರಳಿಗೆ ಕಂದು ಪುಡಿ ಹತ್ತುತ್ತದೆ. ಕೊರಳಿನ ನೆರಳಿನಲ್ಲಿ ಹೀಗೇ ಆಯಿತು. ಲಿನ್ಸೀಡ್ ಎಣ್ಣೆಯನ್ನು ಬಟ್ಟೆಯ ತುದಿಗೆ ಹಚ್ಚಿ ಬಹಳ ತೆಳುವಾಗಿ ಒರೆಸಿ, ಒಣಗಲು ಬಿಟ್ಟ ಮೇಲೆ ಪದರ ಕಚ್ಚಿಕೊಂಡಿತು.

5. ಹಿನ್ನೆಲೆ

ಈಗ ಕಪ್ಪಾಗಿ ಕಾಣುವ ಹಿನ್ನೆಲೆ ಮೊದಲು ಕಪ್ಪಾಗಿರಲಿಲ್ಲ. ಕಪ್ಪು ಪದರದ ಮೇಲೆ ನೀಲಿ (ಇಂಡಿಗೊ) ಮತ್ತು ವೆಲ್ಡ್ ಎಂಬ ಗಿಡದ ಹಳದಿ ಬೆರೆಸಿದ ಹಸಿರು ಗ್ಲೇಜ್ (ಕೆಳಗಿನದು ಕಾಣುವಂಥ ತೆಳು ಪಾರದರ್ಶಕ ಪದರ) ಇತ್ತು. ಮಡಿಕೆಗಳಿರುವ ಹಸಿರು ಪರದೆ ಅದು ಎಂದು 2018ರ ಪರೀಕ್ಷೆ ತೋರಿಸಿತು. ಆ ಬಣ್ಣಗಳು ಕಾಲಕ್ರಮೇಣ ಮಾಸಿವೆ. ಪ್ರತಿಯಲ್ಲಿ ಪರದೆಯನ್ನು ಮರಳಿ ಬರೆಯುವ ಸಾಹಸ ಮಾಡಿಲ್ಲ, ಆದರೆ ಪದರದ ಕ್ರಮ ಬಿಟ್ಟಿಲ್ಲ. ರಾ ಅಂಬರ್ ಎರಡು ಪಾಲು, ಐವರಿ ಬ್ಲ್ಯಾಕ್ ಒಂದು ಪಾಲು, ತೆಳುವಾದ ಒಂದೇ ಕೋಟ್. ಅದು ಪೂರ್ತಿ ಒಣಗಿದ ಮೇಲೆ ಸ್ಯಾಪ್ ಗ್ರೀನಿಗೆ ತುಸು ಅಂಬರ್ ಸೇರಿಸಿ, ಲಿನ್ಸೀಡ್ ಮತ್ತು ಟರ್ಪೆಂಟೈನ್ ಸಮಸಮ ಬೆರೆಸಿದ ಮೀಡಿಯಂನಲ್ಲಿ ಗ್ಲೇಜ್. ಟ್ಯೂಬಿನ ಕಪ್ಪನ್ನೇ ಹಚ್ಚಿ ಕೈತೊಳೆದುಕೊಂಡರೆ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಸಿರು ಗ್ಲೇಜ್ ಬಿದ್ದ ಮೇಲೆ ಮುಖದ ಸುತ್ತ ಗಾಳಿಯಾಡಿದಂತಾಗುತ್ತದೆ, ಕೆನ್ನೆಯ ಕೆಂಪೂ ಎದ್ದು ಕಾಣುತ್ತದೆ.

6. ಚರ್ಮ

ಇಲ್ಲಿ ಅವಸರ ಮಾಡುವಂತಿಲ್ಲ. ಬಣ್ಣವನ್ನು ಬ್ರಷ್ ತುದಿಯಲ್ಲಿ ಆಗಿಂದಾಗ ಬೆರೆಸದೆ, ಪ್ಯಾಲೆಟ್ ನೈಫಿನಿಂದ ಮೂರು ಗುಡ್ಡೆ ಮೊದಲೇ ಕಲಸಿಟ್ಟುಕೊಳ್ಳಬೇಕು.

ಬೆಳಕು: ಗೋಲಿಯಷ್ಟು ಬಿಳಿ, ಕಡಲೆಕಾಳಿನಷ್ಟು ಓಕರ್, ಹೆಸರುಕಾಳಿನಷ್ಟು ವರ್ಮಿಲಿಯನ್.
ನಡು ಟೋನ್: ಬೆಳಕಿನ ಗುಡ್ಡೆಯಿಂದ ಅರ್ಧ ತೆಗೆದು, ಅದಕ್ಕೆ ಕಡಲೆಕಾಳಿನಷ್ಟು ಬರ್ನ್ಟ್ ಸಿಯೆನ್ನಾ, ಸಾಸಿವೆಕಾಳಿನಷ್ಟು ಅಲ್ಟ್ರಾಮರೀನ್.
ನೆರಳು: ರಾ ಅಂಬರ್, ಬರ್ನ್ಟ್ ಸಿಯೆನ್ನಾ ಸಮಸಮ, ಸಾಸಿವೆಕಾಳಿನಷ್ಟು ಅಲಿಜರಿನ್. ಬಿಳಿ ಒಂದು ಚೂರೂ ಇಲ್ಲ.

ಬಣ್ಣ ಹೊಂದಿದೆಯೇ ಎಂದು ನೋಡಲು ಒಂದು ಉಪಾಯ: ಪಾರದರ್ಶಕ ಓಎಚ್‌ಪಿ ಶೀಟನ್ನು ಪ್ರಿಂಟಿನ ಮೇಲಿಟ್ಟು ಅದರ ಮೇಲೆ ಒಂದು ಚುಕ್ಕೆ ಹಚ್ಚಿ. ಚುಕ್ಕೆ ಕಾಣದಂತೆ ಬೆರೆತರೆ ಮಿಶ್ರಣ ಸರಿ. ಹಳದಿ ಬಲ್ಬಿನ ಕೆಳಗೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಓಕರ್ ಎಷ್ಟು ಹಾಕಿದರೂ ಸಾಲದು ಅನಿಸುತ್ತದೆ. ಹಗಲ ಬೆಳಕು ಇರಲಿ, ಬಿಸಿಲು ನೇರ ಬೀಳದ ಕಿಟಕಿ.

ನೆರಳಿನಿಂದ ಶುರು. ಬಲಗಡೆಯ ದವಡೆ, ಕೊರಳು, ಕಿವಿಯ ಸುತ್ತ ತೆಳುವಾಗಿ, ಕೆಳಗಿನ ಅಂಬರ್ ಅಲ್ಲಲ್ಲಿ ಇಣುಕುವಷ್ಟು. ನಂತರ ನಡು ಟೋನ್. ಬೆಳಕಿನದು ಕೊನೆಗೆ, ಮತ್ತು ಅದೊಂದೇ ದಪ್ಪಗೆ: ಹಣೆ, ಎಡಗೆನ್ನೆ, ಮೂಗಿನ ತುದಿ, ಗಲ್ಲದ ಎಡಭಾಗ. ಒಂದು ಟೋನ್ ಇನ್ನೊಂದಕ್ಕೆ ತಾಗುವಲ್ಲಿ ಒಣ ಫ್ಲ್ಯಾಟ್ ಬ್ರಷ್‌ನಿಂದ ಒಂದೆರಡು ಸಲ ಅಡ್ಡಕ್ಕೆ ಸವರಿ ನಿಲ್ಲಿಸಬೇಕು. ಮೂರನೆಯ ಸಲ ಸವರಿದಾಗ ನೆರಳಿಗೆ ಬಿಳಿ ನುಗ್ಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಮೇಲೆ ಮೇಲೆ ತಿದ್ದುತ್ತ ಕೂರಬೇಡಿ. ಬಟ್ಟೆಯಿಂದ ಒರೆಸಿ ತೆಗೆದು, ಕೆಳಗಿನ ಅಂಬರ್ ಕಾಣಿಸಿಕೊಂಡು, ಮತ್ತೆ ಹಚ್ಚಿ. ಅಂಡರ್‌ಪೇಂಟಿಂಗ್ ಒಣಗಿರಬೇಕು ಎನ್ನುವುದು ಇದಕ್ಕೇ.

ಮೂಗು. ಈ ಚಿತ್ರದ ಕಠಿಣ ಜಾಗ ಇದೇ. ಮೂಗಿನ ದಿಂಡಿಗೂ ಅದರಾಚೆಯ ಎಡಗೆನ್ನೆಗೂ ನಡುವೆ ವರ್ಮೀರ್ ಗೆರೆಯನ್ನೇ ಇಟ್ಟಿಲ್ಲ. ಎರಡರ ಬಣ್ಣವೂ ಒಂದೇ, ಒಂದರಲ್ಲಿ ಇನ್ನೊಂದು ಕರಗಿದೆ. ಹೊಳ್ಳೆಯ ಕೆಳಗಿನ ನೆರಳು ಮತ್ತು ತುದಿಯ ಹೊಳಪು ಮಾತ್ರ ಇಲ್ಲಿ ಮೂಗಿದೆ ಎಂದು ಹೇಳುತ್ತವೆ, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಮೊದಲ ಪ್ರಯತ್ನದಲ್ಲಿ ದಿಂಡಿನ ಪಕ್ಕ ನಡು ಟೋನಿನ ತೆಳು ಗೆರೆಯೊಂದು ಬಂದುಬಿಟ್ಟಿತು, ಕೂದಲೆಳೆಯಷ್ಟೇ. ಅಷ್ಟರಿಂದಲೇ ಮುಖ ಐದಾರು ವರ್ಷ ದೊಡ್ಡದಾಗಿ, ಮೂಗು ಉದ್ದವಾಗಿ ಕಂಡಿತು. ಗೆರೆಯನ್ನು ಒರೆಸುವ ಬದಲು ಅದರ ಮೇಲೆ ಬೆಳಕಿನ ಬಣ್ಣ ಹಚ್ಚಿದ್ದು ಇನ್ನೂ ತಪ್ಪು: ಅಲ್ಲಿ ಬಣ್ಣ ಉಬ್ಬಿ, ಪಕ್ಕದಿಂದ ಬೆಳಕು ಬಿದ್ದಾಗ ಉಬ್ಬೇ ಗೆರೆಯಾಯಿತು. ಕೊನೆಗೆ ಹುಬ್ಬಿನಿಂದ ತುಟಿಯವರೆಗೆ ಪೂರ್ತಿ ಒರೆಸಿ, ಮೂಗು ಕೆನ್ನೆ ಎರಡನ್ನೂ ಒಂದೇ ಬಯಲೆಂದು ಭಾವಿಸಿ ಬೆಳಕಿನ ಬಣ್ಣವನ್ನು ಒಂದೇ ಸಲ ಹಾಸಿದ ಮೇಲೆ ದಾರಿಗೆ ಬಂತು.

ಕಣ್ಣು. ಕಣ್ಣಿನ ಬಿಳಿ ಬಿಳಿಯಲ್ಲ. ಬೆಳಕಿನ ಗುಡ್ಡೆಗೆ ಅಂಬರ್ ಮತ್ತು ಚೂರು ನೀಲಿ ಸೇರಿಸಿದ ಬೂದು. ಅಪ್ಪಟ ಬಿಳಿ ಬೀಳುವುದು ಪಾಪೆಯ ಮೇಲಿನ ಹೊಳಪಿನ ಚುಕ್ಕೆಗೆ ಮಾತ್ರ. 2018ರ ಪರೀಕ್ಷೆಯಲ್ಲಿ ಬಹಳ ಸೂಕ್ಷ್ಮವಾದ ರೆಪ್ಪೆಗೂದಲು ಪತ್ತೆಯಾಗಿವೆ, ಆದರೆ ಬರಿಗಣ್ಣಿಗೆ ಕಾಣುವುದಿಲ್ಲ. ಈಗ ಕಾಣುವ ಚಿತ್ರದ ಪ್ರತಿಯಾದ್ದರಿಂದ ಅವನ್ನು ಬಿಡಲಾಯಿತು.

ತುಟಿ. ವರ್ಮಿಲಿಯನ್, ಬೆಳಕಿನ ಬಣ್ಣ ಬೆರೆಸಿ ಮೊದಲ ಪದರ. ಒಣಗಿದ ಮೇಲೆ ಅಲಿಜರಿನ್ ಗ್ಲೇಜ್. ಮೂಲದಲ್ಲಿ ಇದ್ದದ್ದು ಕೊಚಿನೀಲ್ ಕೀಟದಿಂದ ತೆಗೆದ ಕೆಂಪು. ತುಟಿಯ ಹೊರ ಅಂಚನ್ನು ಎಲ್ಲೂ ಗಟ್ಟಿ ಮಾಡಬಾರದು. ಕೆಳತುಟಿಯ ತೇವದ ಹೊಳಪು, ಬಾಯಿಯ ಮೂಲೆಯಲ್ಲೊಂದು ತಿಳಿಗುಲಾಬಿ ಚುಕ್ಕೆ: ಇವೆರಡನ್ನು ಗ್ಲೇಜ್ ಒಣಗಿದ ಮೇಲೆ ಇಡಬೇಕು. ಅಲಿಜರಿನ್ ಮಹಾ ನಿಧಾನ. ಬೇಸಿಗೆಯಲ್ಲೇ ಹತ್ತು ದಿನ ಬೇಡುತ್ತದೆ, ಮಳೆಗಾಲದಲ್ಲಿ ಅದರ ದುಪ್ಪಟ್ಟು. ಬಿಸಿಲಿಗಿಟ್ಟು ಒಣಗಿಸಬೇಡಿ, ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿ ಉಳಿಯುತ್ತದೆ.

ಚರ್ಮದ ಕೆಲಸಕ್ಕೆ ಮುಂಚೆ ಸಾಧ್ಯವಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮನ ಮೂಲ ತೈಲವರ್ಣಗಳ ಮುಂದೆ ಓರೆಯಾಗಿ ನಿಂತು ನೋಡಿ. ಬೆಳಕಿನ ಜಾಗದಲ್ಲಿ ಬಣ್ಣ ಎಷ್ಟು ದಪ್ಪ, ನೆರಳಿನಲ್ಲಿ ಎಷ್ಟು ತೆಳು ಎನ್ನುವುದನ್ನು ಯಾವ ಪ್ರಿಂಟೂ ಹೇಳಿಕೊಡುವುದಿಲ್ಲ. ಶೈಲಿ ಬೇರೆ, ಶತಮಾನ ಬೇರೆ, ಆದರೆ ತೈಲವರ್ಣದ ಮೈ ಒಂದೇ.

7. ನೀಲಿ ತಲೆವಸ್ತ್ರ

ವರ್ಮೀರ್ ಬಳಸಿದ ನೀಲಿ ಅಫ್ಘಾನಿಸ್ತಾನದ ಲ್ಯಾಪಿಸ್ ಲಝುಲಿ ಕಲ್ಲಿನಿಂದ ತೆಗೆದದ್ದು. ನಮ್ಮ ಟ್ಯೂಬಿನದು ಕಾರ್ಖಾನೆಯ ಅಲ್ಟ್ರಾಮರೀನ್. ಇದರ ಕಣ ಹೆಚ್ಚು ನುಣುಪು, ಬಣ್ಣ ಹೆಚ್ಚು ಕಟು, ನೇರಳೆಯ ಕಡೆಗೆ ವಾಲುತ್ತದೆ. ಸಾಸಿವೆಯಷ್ಟು ರಾ ಅಂಬರ್ ಸೇರಿಸಿದರೆ ತಗ್ಗುತ್ತದೆ.

ನೆರಳಿಗೆಂದು ನೀಲಿಗೆ ಕಪ್ಪು ಬೆರೆಸಿ ಹಚ್ಚಿದ್ದು ಪೂರ್ತಿ ಸತ್ತುಹೋಯಿತು, ಕೆರೆದು ತೆಗೆಯಬೇಕಾಯಿತು. ಕೆಲಸ ಮಾಡಿದ ಕ್ರಮ ಹೀಗಿದೆ: ನೆರಳಿಗೆ ಅಂಬರ್ ಮತ್ತು ಅಲ್ಟ್ರಾಮರೀನ್, ಬಿಳಿಯಿಲ್ಲದೆ. ನಡುವೆ ಅಲ್ಟ್ರಾಮರೀನಿಗೆ ಕಾಲುಭಾಗ ಬಿಳಿ. ಎಡಗಡೆ ಬೆಳಕು ಬಡಿಯುವ ಮಡಿಕೆಗೆ ಬಿಳಿಯೇ ಹೆಚ್ಚು, ನೀಲಿ ಕಡಿಮೆ. ಮೂರೂ ಒಣಗಿದ ಮೇಲೆ ಹೊಳಪಿನ ಜಾಗ ಬಿಟ್ಟು ಉಳಿದೆಲ್ಲ ಕಡೆ ಬರಿ ಅಲ್ಟ್ರಾಮರೀನ್ ಗ್ಲೇಜ್. ಎಣ್ಣೆ ಹೆಚ್ಚಾದರೆ ಈ ಬಣ್ಣ ಎಳೆ ಎಳೆಯಾಗಿ ಇಳಿಯುತ್ತದೆ, ಆದ್ದರಿಂದ ಮೀಡಿಯಂ ಎರಡೇ ಹನಿ, ಬ್ರಷ್‌ನಿಂದ ಹಚ್ಚಿ ಬೆರಳಿನ ಮೆತ್ತೆಯಿಂದ ತಟ್ಟಿ ಹರಡುವುದು. ತಲೆಯ ಹಿಂಭಾಗದಲ್ಲಿ ವಸ್ತ್ರದ ಅಂಚು ಕತ್ತಲೆಗೆ ಸೇರಿಹೋಗಲಿ. ಅಲ್ಲಿಯೂ ಗೆರೆ ಬೇಡ.

ಇಳಿಬಿದ್ದ ಹಳದಿ ಬಟ್ಟೆಗೆ ಓಕರ್, ಹೊಳಪಿಗೆ ಲೆಮನ್ ಯೆಲ್ಲೋ ಮತ್ತು ಬಿಳಿ. ಅಂಗಿಗೆ ಓಕರ್ ಮತ್ತು ಅಂಬರ್ ಒರಟಾಗಿ, ಹಂದಿಕೂದಲಿನ ಬ್ರಷ್‌ನಲ್ಲೇ ಮುಗಿಸಿ. ಕಾಲರ್‌ಗೆ ಬಿಳಿ ದಪ್ಪಗೆ. ಇಲ್ಲಿ ಚಂದ ಮಾಡಲು ಕೂತರೆ ಮುಖದಿಂದ ಕಣ್ಣು ಜಾರಿ ಕೆಳಗಿಳಿಯುತ್ತದೆ.

8. ಮುತ್ತು

ಹತ್ತಿರದಿಂದ ನೋಡಿದರೆ ಅಲ್ಲಿ ಮುತ್ತೇ ಇಲ್ಲ. ಕಿವಿಗೆ ಸಿಕ್ಕಿಸುವ ಕೊಕ್ಕೆಯೂ ಇಲ್ಲ, ಸುತ್ತ ಗೆರೆಯೂ ಇಲ್ಲ. ಮೇಲೆ ಎಡಕ್ಕೆ ದಪ್ಪ ಬಿಳಿಯ ಒಂದು ತಟ್ಟು, ಕೆಳಗೆ ಬಿಳಿ ಕಾಲರ್‌ನ ಮಸುಕು ಪ್ರತಿಫಲನ. ಮಿಕ್ಕದ್ದು ಕೊರಳಿನ ನೆರಳಿನ ಬಣ್ಣವೇ.

ಕೊರಳು ಪೂರ್ತಿ ಒಣಗಿದ ಮೇಲೆ ಮಾತ್ರ ಇದಕ್ಕೆ ಕೈಹಾಕಬೇಕು. ಅದೇ ಓಎಚ್‌ಪಿ ಶೀಟನ್ನು ಚಿತ್ರದ ಮೇಲೆ ಹಿಡಿದು, ಶೀಟಿನ ಮೇಲೆಯೇ ತಟ್ಟು ಇಟ್ಟು ನೋಡಿ, ಒರೆಸಿ, ಜಾಗವೂ ಗಾತ್ರವೂ ಕೈಗೆ ಹತ್ತುವವರೆಗೆ ಅಭ್ಯಾಸ ಮಾಡಬಹುದು. ಆಮೇಲೆ ಕ್ಯಾನ್ವಾಸಿನಲ್ಲಿ: ಕೆಳಗಿನ ಪ್ರತಿಫಲನಕ್ಕೆ ಬಿಳಿಯಲ್ಲಿ ಅಂಬರ್ ಬೆರೆಸಿ, ಹಚ್ಚಿದ ಕೂಡಲೇ ಒಣ ಬ್ರಷ್‌ನಿಂದ ಅಂಚು ಮಬ್ಬು ಮಾಡಬೇಕು. ಮೇಲಿನ ಹೊಳಪಿಗೆ ರೌಂಡ್ 2 ತುದಿಯಲ್ಲಿ ಟ್ಯೂಬಿನ ಬಿಳಿಯನ್ನು ಮೀಡಿಯಂ ಇಲ್ಲದೆ ಎತ್ತಿ, ಒಂದೇ ತಟ್ಟು, ಮತ್ತೆ ಮುಟ್ಟುವಂತಿಲ್ಲ. ಕೈ ನಡುಗಿದರೆ ಮಣಿಕಟ್ಟು ಊರಲು ಬಿದಿರಿನ ಕೋಲಿನ ತುದಿಗೆ ಬಟ್ಟೆ ಸುತ್ತಿ ಆಧಾರ ಮಾಡಿಕೊಳ್ಳಿ.

9. ಒಣಗುವುದು, ವಾರ್ನಿಷ್

ಒಣಗುತ್ತ ಬಂದಂತೆ ಅಂಬರ್ ಹೆಚ್ಚಿರುವ ಜಾಗಗಳು ಕಳೆಗುಂದಿ ಬೂದಾಗುತ್ತವೆ. ಕೆಳಪದರ ಎಣ್ಣೆ ಹೀರಿಕೊಂಡಿದೆ ಎಂದರ್ಥ, ಬಣ್ಣ ಕೆಟ್ಟಿದೆ ಎಂದಲ್ಲ. ಲಿನ್ಸೀಡ್ ಮತ್ತು ಟರ್ಪೆಂಟೈನ್ ಸಮ ಬೆರೆಸಿ ಆ ಜಾಗಕ್ಕೆ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆದರೆ ಆಳ ಮರಳುತ್ತದೆ. ಹಾಗೆ ಮಾಡದೆ ಮತ್ತೊಂದು ಕೋಟ್ ಕಡುಬಣ್ಣ ಬಳಿದರೆ ನೆರಳೆಲ್ಲ ಒಂದೇ ಕಪ್ಪು ಹಲಗೆಯಾಗುತ್ತದೆ.

ಚಿತ್ರವನ್ನು ಕಪಾಟಿನೊಳಗೆ ಇಡಬೇಡಿ, ಕತ್ತಲೆಯಲ್ಲಿ ಲಿನ್ಸೀಡ್ ಹಳದಿಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಯಲ್ಲಾದರೆ ಗೋಡೆಯಿಂದ ಎರಡು ಬೆರಳು ಅಂತರವಿರಲಿ, ಹತ್ತಿಯ ಕ್ಯಾನ್ವಾಸಿನ ಹಿಂಬದಿಗೆ ಬೂಸ್ಟು ಬೇಗ ಹಿಡಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಲಿನ್ಸೀಡ್ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕಟ್ಟಿಕೊಂಡು ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಮನೆಯ ಹೊರಗೆ ಬಿಡಿಸಿ ಹರವಿ ಒಣಗಿದ ಮೇಲೆ ಎಸೆಯಿರಿ.

ಎಡ ಮೇಲ್ಮೂಲೆಯಲ್ಲಿರುವ ವರ್ಮೀರನ ಸಹಿಯನ್ನು ಪ್ರತಿಯಲ್ಲಿ ಹಾಕಿಲ್ಲ. ಮೂಲದ ಅಳತೆಯಲ್ಲೇ ಇರುವುದರಿಂದ ಹಿಂಬದಿಯ ಮರದ ಮೇಲೆ ‘ಪ್ರತಿ’ ಎಂದು, ವರ್ಷದ ಸಮೇತ ಅಳಿಸದ ಶಾಯಿಯಲ್ಲಿ ಬರೆಯಲಾಗಿದೆ.

ಡಾಮರ್ ವಾರ್ನಿಷ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು, ಕಾಲರ್ ಮತ್ತು ಮುತ್ತಿನ ದಪ್ಪ ಬಿಳಿಗೆ ಒಂದು ವರ್ಷವಾದರೂ ಸರಿಯೇ. ಹಚ್ಚುವ ಮೊದಲು ಹತ್ತಿಯ ತುಂಡನ್ನು ಟರ್ಪೆಂಟೈನಿನಲ್ಲಿ ತುಸು ನೆನೆಸಿ, ಅಂಚಿನ ಒಂದು ಮೂಲೆಯಲ್ಲಿ ಹಗುರವಾಗಿ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಬಾಟಲಿಯ ಮುಚ್ಚಳ ಹಾಕಿ, ಇನ್ನೆರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ.